ಚೊಂಬು ಹಿಡಿದು ಹೊಳೆಯ ಕಡೆಗೆ

ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹೆಡ್ಮಾಸ್ಟರು ಅವರನ್ನು ‘ಶಿಸ್ತಿನ ಸಿಪಾಯಿ’ ಅಂದರು. ಡ್ರಿಲ್ ಮೇಷ್ಟ್ರು ‘ನಡೆದಾಡುವ ಗಣಿತ’ ಅಂದರು. ಅವರು ಎರಡೂ ಅಲ್ಲ. ಹಾರದೊಳಗೆ ಅರ್ಧ ಮುಖ ಮುಚ್ಚಿಹೋಗಿದ್ದ ಆ ಮನುಷ್ಯ, ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಕೇಳುವಂತೆ, “ಯಾರ ಬಗ್ಗೆ ಸಾರ್ ಇವರೆಲ್ಲ ಮಾತಾಡ್ತಿರೋದು? ಪಾಪ, ಒಳ್ಳೆಯವರಿರಬೇಕು” ಅಂದರು. ನನ್ನ ಸರದಿ ಬಂದಾಗ ಎದ್ದು ನಿಂತು, ನಾಲ್ಕು ಮಾತು ತಡವರಿಸಿ ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಅವರ ಚೊಂಬಿನ ವಿಷಯ. ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರ ಎದುರಿಗೆ, ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳು ಕೂತಿರುವಾಗ ಅದನ್ನು ಹೇಳುವುದು ಹೇಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈ ಊರಿಗೆ ಬಂದಾಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಂಗಾರಪೇಟೆಯಿಂದ ಬಸ್ಸು, ಬೇತಮಂಗಲ ದಾಟಿದ ಮೇಲೆ ಒಂದಿಷ್ಟು ನಡಿಗೆ. ಪಾಲಾರ್ ಹೊಳೆಯ ದಂಡೆಯ ಊರು. ನಮ್ಮಪ್ಪ ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು, ಇಳಿದು ಬರುವಾಗ ಕೈಯಲ್ಲಿ ಬಿ.ಎಸ್ಸಿ. ಇತ್ತು. ಅದನ್ನು ಮುಚ್ಚಿಡುವುದೇಕೆ? ಬಾಡಿಗೆ ಮನೆಯ ಬಾಗಿಲಿಗೆ ಬಂದ ವಾರವೇ ಬೋರ್ಡು ಬರೆಸಿ ಹಾಕಿದೆ. ನನ್ನ ಹೆಸರಿಗಿಂತ ಬಿ.ಎಸ್ಸಿ.ಯೇ ದಪ್ಪ ಅಕ್ಷರದಲ್ಲಿತ್ತು. ಆ ಮನೆಯನ್ನೇ ಹಿಡಿದದ್ದಕ್ಕೆ ಕಾರಣ ಹಿತ್ತಲಿನ ಕಕ್ಕಸು. ಚಿಕ್ಕವನಾಗಿದ್ದಾಗ ಬೆಳಗಿನ ಜಾವ ಚೊಂಬು ಹಿಡಿದು ಕಂಬಿಯ ಪಕ್ಕದ ಪೊದೆಗೆ ಹೋಗಿ, ಮಾರಿಕುಪ್ಪಂ ರೈಲು ಬಂತೆಂದರೆ ದಡಬಡ ಎದ್ದು ನಿಂತು ಮುಖ ತಿರುಗಿಸಿಕೊಂಡವನು ನಾನು. ಇನ್ನು ಈ ಜನ್ಮದಲ್ಲಿ ಚೊಂಬು ಹಿಡಿದು ಬೀದಿಗೆ ಇಳಿಯುವುದಿಲ್ಲ ಎಂದು ಪದವಿ ಬಂದ ದಿನವೇ ತೀರ್ಮಾನ ಮಾಡಿದ್ದೆ.

ಲೆಕ್ಕದ ಮೇಷ್ಟ್ರು ನನ್ನ ಪಕ್ಕದ ಮನೆ. ಎರಡು ಮನೆಗೂ ಸೇರಿ ಹಿತ್ತಲಲ್ಲಿ ಅದೊಂದೇ ಕಕ್ಕಸು. ಹೀಗಿದ್ದೂ ಆ ಮನುಷ್ಯ ದಿನಾ ಬೆಳಿಗ್ಗೆ ಫಳಫಳ ಹೊಳೆಯುವ ಹಿತ್ತಾಳೆ ಚೊಂಬು ಹಿಡಿದು ಹೊಳೆಯ ಕಡೆ ಹೋಗುತ್ತಿದ್ದರು. ಬಿಸಿಲೇರಿದ ಮೇಲೆ ನಗುಮುಖದಲ್ಲಿ ವಾಪಸಾಗುತ್ತಿದ್ದರು. ಕೆಲವು ದಿನ ನೋಡಿದೆ. ಆಮೇಲೆ ತಡೆಯಲಾರದೆ, “ಸಾರ್, ಮನೇಲೇ ಅನುಕೂಲ ಇದೆಯಲ್ಲ?” ಅಂದೆ.

ಅವರು ಆಚೆ ಈಚೆ ನೋಡಿ ಚೊಂಬನ್ನು ನನ್ನ ಮುಂದೆ ವಾಲಿಸಿದರು. ಒಳಗೆ ನೀರಿರಲಿಲ್ಲ. ಹುರಿದ ಕಡಲೆಕಾಯಿ ಬೀಜ, ಒಂದು ಉಂಡೆ ಬೆಲ್ಲ.

“ತಗೊಳ್ಳಿ. ವಾಕ್ ಹೋಗೋಣ ಬನ್ನಿ.”

“ವಾಕಿಗೆ ಚೊಂಬು ಯಾಕೆ ಸಾರ್?”

“ಮೊದಲ ವಾರ ಬರೀ ಕೈಲಿ ಹೊರಟಿದ್ದೆ ಸಾರ್. ಒಬ್ಬ ಸಿಕ್ಕಿ, ‘ಯಾರನ್ನ ನೋಡಾಕೆ ಮೇಷ್ಟ್ರೇ?’ ಅಂದ. ಯಾರನ್ನೂ ಇಲ್ಲಪ್ಪ ಅಂದೆ. ‘ಜಮೀನ್ ನೋಡಾಕಾ?’ ಅಂದ. ಇಲ್ಲಪ್ಪ, ಸುಮ್ಮನೆ ನಡೀತಿದೀನಿ ಅಂದೆ. ಅವನಿಗೆ ಗಾಬರಿ ಆಗೋಯ್ತು. ನನ್ನ ಜೊತೇಲೇ ಬಂದ. ‘ಮನೇಲಿ ಜಗ್ಳ ಆಡಿದ್ರಾ? ಒಳೆ ತಾವ ಒಬ್ರೇ ಓಗ್ಬ್ಯಾಡಿ, ಸಂಸಾರ ಅಂದ್ಮೇಲೆ ಬತ್ತದೆ ಓಯ್ತದೆ’ ಅಂತ ಸಮಾಧಾನ ಮಾಡಿ, ಕೈ ಹಿಡ್ಕೊಂಡು ಮನೆ ತನಕ ಬಂದು ಬಿಟ್ಟು ಹೋದ. ಮಾರನೇ ದಿನ ಚೊಂಬು ತಗೊಂಡೆ. ಚೊಂಬು ಹಿಡಿದ ಮನುಷ್ಯನ್ನ ಯಾರೂ ನಿಲ್ಲಿಸಿ ಮಾತಾಡಿಸಲ್ಲ ಸಾರ್. ದಾರಿ ಬಿಟ್ಟು ಕೊಡ್ತಾರೆ.”

ನಾನು ವಾಕಿಗೆ ಹೋದೆ, ಚೊಂಬು ಹಿಡಿಯಲಿಲ್ಲ. ಅದರಿಂದ ಆದದ್ದು ಇಷ್ಟೇ: ಊರ ಬಾಗಿಲಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಮ್ಮಿಬ್ಬರನ್ನೂ ನೋಡಿ, ಅವರನ್ನು ಬಿಟ್ಟು ನನ್ನನ್ನು ಮಾತ್ರ ಹಿಡಿದು, “ಸಾಮಿ, ನೀವು ಮೇಷ್ಟ್ರಿಗೆ ಕಾವಲಾ?” ಎಂದು ಕೇಳಿದ.

ನಡಿಗೆ ಬಹಳ ದೂರದ್ದಲ್ಲ. ಶಾಲೆಯ ಹಿಂದಿನ ದನದ ದಾರಿ, ಕೊನೆಯಲ್ಲಿ ತೋಪಿನ ಗೌಡರ ಮನೆ, ಅದರ ಆಚೆ ಅವರದೇ ಸರ್ವೆ ತೋಪು, ತೋಪು ಮುಗಿದ ಕಡೆ ಹೊಳೆ. ಅಗಸರ ಬಂಡೆಯ ತನಕ ಹೋಗಿ ತಿರುಗಿದರೆ ಮುಗಿಯಿತು. ಕೆಲಸವಿರುವವನು ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಹೋಗಿ ಸೇರುತ್ತಾನೆ. ನಮ್ಮ ಮೇಷ್ಟ್ರು ಬಂಡೆ ಮುಟ್ಟುವ ಹೊತ್ತಿಗೆ ಕಡಲೆಕಾಯಿ ಬೀಜ ಖಾಲಿಯಾಗಿರುತ್ತಿತ್ತು.

ಸರ್ವೆ ಮರ ನಮ್ಮ ಸೀಮೆಯಲ್ಲಿ ಯಾರಿಗೂ ಅಪೂರ್ವವಲ್ಲ. ಸೌದೆಗೆ, ಗಳಕ್ಕೆ ಬೆಳೆಯುತ್ತಾರೆ, ಕಡಿಯುತ್ತಾರೆ. ಆದರೆ ಆ ತೋಪಿನೊಳಗೆ ಕಾಲಿಟ್ಟರೆ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳುತ್ತಿರಲಿಲ್ಲ. ಸೂಜಿಯಂಥ ಎಲೆ ಉದುರಿ ಉದುರಿ ನೆಲವೆಲ್ಲ ಕಂಬಳಿ ಹಾಸಿದಂತೆ. ಮೇಲೆ ಗಾಳಿ ಇಲ್ಲದ ದಿನವೂ ಒಂದು ‘ಸೋ’ ಎನ್ನುವ ನಾದ. ಮೊಲ ಒಂದು ಕಿವಿ ನೆಟ್ಟಗೆ ಮಾಡಿ ನಮ್ಮನ್ನು ನೋಡಿ, ಇವರಿಂದ ಏನೂ ಆಗುವುದಿಲ್ಲ ಎಂದು ತಿಳಿದು, ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಹೊಳೆಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಮಳೆ ಹಿಡಿದ ವರ್ಷ ದಂಡೆಯಿಂದ ದಂಡೆಗೆ ನೀರು. ಉಳಿದಂತೆ ಮರಳಿನ ನಡುವೆ ಒಂದೆಳೆ. ದಂಡೆಗೆ ಹತ್ತಿಕೊಂಡಿದ್ದ ಸರ್ವೆ ಸಾಲಿನ ತುದಿಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತಿದ್ದವು. ಆ ಸಾಲಿನ ನಡುವೆ ಒಂದು ಮುದಿ ಹೊಂಗೆ. ಅದರ ಪೊಟರೆಯಲ್ಲಿ ಹಾಲಕ್ಕಿ, ಅಂದರೆ ಮುಷ್ಟಿ ಗಾತ್ರದ ಗೂಬೆ, ಒಂದು ಜೋಡಿ.

ಮೇಷ್ಟ್ರು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಲೈನಿನಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಹೆಂಡತಿ ಮಕ್ಕಳಿದ್ದಲ್ಲಿಗೆ ಹೋಗಿ, ಸೋಮವಾರ ರಾಬರ್ಟ್‌ಸನ್‌ಪೇಟೆಯ ಬೋಂಡಾ ಪೊಟ್ಟಣದೊಂದಿಗೆ ಬರುತ್ತಿದ್ದರು. ಹಕ್ಕಿಗಳ ಹೆಸರು ಅವರಿಗೆ ಒಂದೂ ಸರಿಯಾಗಿ ಗೊತ್ತಿರಲಿಲ್ಲ. ಅದರ ಬಗ್ಗೆ ನಾಚಿಕೆಯೂ ಇರಲಿಲ್ಲ. ನೀಲಿ ಕೋಟು, ಬಿಳಿ ಶರ್ಟಿನ ಮಿಂಚುಳ್ಳಿ ಅವರಿಗೆ ‘ಮೈನ್ಸ್ ದೊರೆ’. ನೀರಿನಂಚಿನಲ್ಲಿ ಕತ್ತು ಕುಗ್ಗಿಸಿ ಕದಲದೆ ನಿಲ್ಲುವ ಕೊಕ್ಕರೆ ‘ಮೇಸ್ತ್ರಿ’: “ತಾನು ಏನೂ ಮಾಡಲ್ಲ, ಎಲ್ಲರನ್ನೂ ನೋಡ್ತಾ ಇರ್ತಾನೆ.” ನಮ್ಮನ್ನು ಕಂಡ ಕೂಡಲೆ ಕಿರುಚಿ ಊರೆಲ್ಲ ಎಬ್ಬಿಸುವ ಟಿಟ್ಟಿಭ ‘ಗೇಟ್ ವಾಚ್‌ಮನ್’. ನಾನು ಬಿ.ಎಸ್ಸಿ. ಓದುವಾಗ ಕಲಿತ ಲ್ಯಾಟಿನ್ ಹೆಸರು ಒಂದೆರಡು ಒದರಿದೆ. ಅವರು ಭಕ್ತಿಯಿಂದ ಕೇಳಿ, “ಚೆನ್ನಾಗಿದೆ ಸಾರ್. ಅದಕ್ಕೆ ಗೊತ್ತಾ, ಅದರ ಹೆಸರು ಇದು ಅಂತ?” ಅಂದರು.

ಹೊಂಗೆ ಮರ ಬಂತೆಂದರೆ ಮಾತ್ರ ಅವರ ಬಾಯಿ ನಿಲ್ಲುತ್ತಿತ್ತು. ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ತುದಿಗಾಲಲ್ಲಿ ಹೆಜ್ಜೆ ಇಡುತ್ತಿದ್ದರು.

“ಮೆಲ್ಲಗೆ ಸಾರ್. ನೈಟ್ ಶಿಫ್ಟಿನವರು ಮಲಗಿದ್ದಾರೆ.”

ಮೊದಲ ದಿನ ನಾನು ನಕ್ಕೆ. ಆಮೇಲೆ ಗೊತ್ತಾಯಿತು, ಅದು ಬರೀ ತಮಾಷೆ ಅಲ್ಲ. ಗಣಿಯ ಲೈನಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ; ರಾತ್ರಿ ಪಾಳಿ ಮುಗಿಸಿದ ಗಂಡಸು ಹಗಲು ಮಲಗಿರುತ್ತಾನೆ. ಅಲ್ಲಿ ಮಕ್ಕಳು ಮಾತು ಕಲಿಯುವ ಮೊದಲು ಪಿಸುಮಾತು ಕಲಿಯುತ್ತಾರಂತೆ. ಅವರ ತಂದೆ ಭೂಮಿಯೊಳಗೆ ಕಲ್ಲು ಕೊರೆಯುವ ಕೆಲಸದವರು. “ನಮ್ಮಪ್ಪನಿಗೆ ಭಾನುವಾರ ಒಂದೇ ದಿನ ಬೆಳಗಿನ ಬಿಸಿಲು ಸಿಗ್ತಿತ್ತು. ಅವತ್ತು ಮನೇಲಿ ಕೂರ್ತಿರಲಿಲ್ಲ. ಗಣಿ ಮಣ್ಣು ಸುರಿದ ಸಯನೈಡ್ ದಿಬ್ಬ ದಾಟಿ, ಎಲ್ಲಾದರೂ ನಾಲ್ಕು ಮರ ಇದ್ರೆ ಅಲ್ಲೀ ತನಕ ನಡೆದು, ನಿಂತು ನೋಡಿ ಬರೋರು. ಎಲ್ಲಿಗೆ ಅಂತ ಅಮ್ಮ ಕೇಳಿದ್ರೆ ‘ಮೇಲೆ’ ಅನ್ನೋರು.” ಇಷ್ಟು ಹೇಳಿ, ಎರಡು ಬೀಜ ಬಾಯಿಗೆ ಎಸೆದುಕೊಂಡು, “ಬನ್ನಿ ಸಾರ್, ಮೇಸ್ತ್ರಿ ಬಂದನಾ ನೋಡೋಣ” ಅಂದುಬಿಟ್ಟರು.

ತರಗತಿಯಲ್ಲೂ ಹೀಗೇ. ಹುಡುಗರು ಲೆಕ್ಕ ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. “ಭಲೇ! ಇದೇ ತಪ್ಪು ಇನ್ನೊಂದು ಸಲ ಮಾಡು ನೋಡೋಣ” ಅನ್ನುತ್ತಿದ್ದರು. ಹುಡುಗ ಬೋರ್ಡಿನ ಮೇಲೆ ಮತ್ತೆ ಮಾಡಲು ಹೋಗಿ, ನಡುವೆ ಎಲ್ಲೋ ತಡೆದು ನಿಂತು, ತಾನೇ ತಲೆ ಕೆರೆದುಕೊಂಡು ಸರಿ ಮಾಡಿಬಿಡುತ್ತಿದ್ದ. ದೋಷಗಳೂ ಇದ್ದವು. ನಾಯಿ ಕಂಡರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದರು. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು. ನಾನು ತರಿಸುತ್ತಿದ್ದ ಪತ್ರಿಕೆಯನ್ನು ನನಗಿಂತ ಮೊದಲು ಓದಿ, ಸುದ್ದಿಯನ್ನೆಲ್ಲ ಗೋಡೆಯ ಆಚೆಯಿಂದಲೇ ಕೂಗಿ ಹೇಳಿ, ನನಗೆ ಓದಲು ಏನೂ ಉಳಿಸುತ್ತಿರಲಿಲ್ಲ.

ಒಂದು ಆಷಾಢದಲ್ಲಿ ನಾವು ಹೋದಾಗ ತೋಪಿನ ರಸ್ತೆ ಕಡೆಯ ಮರಗಳು ನೆಲಕ್ಕೆ ಬಿದ್ದಿದ್ದವು. ಗೌಡರು ತೋಪನ್ನು ಆಂಡರ್ಸನ್‌ಪೇಟೆಯ ಸೌದೆ ಮಂಡಿಯ ಸಾಹುಕಾರನಿಗೆ ಕೊಟ್ಟಿದ್ದರು. ಕೊಡಲಿಯವರು ಹೊಳೆಯ ಕಡೆಗೆ ಕಡಿಯುತ್ತಾ ಬರುತ್ತಿದ್ದರು. ಇನ್ನೊಂದು ವಾರದೊಳಗೆ ದಂಡೆಯ ಸಾಲು ಉರುಳುವುದು ಖಂಡಿತ. ಆ ಸಾಲಿನ ತುದಿಯಲ್ಲಿ ಕೊಕ್ಕರೆ ಮರಿಗಳು, ಇನ್ನೂ ರೆಕ್ಕೆ ಬಲಿಯದವು, ಗಾಳಿಗೆ ಗೂಡು ತೂಗಿದಾಗಲೆಲ್ಲ ಕರಕರ ಅನ್ನುತ್ತಿದ್ದವು. ಮೇಷ್ಟ್ರು ಅವತ್ತು ಕಡಲೆಕಾಯಿ ತಿನ್ನಲಿಲ್ಲ.

ಸಂಜೆ ನನ್ನನ್ನೂ ಕರೆದುಕೊಂಡು ಗೌಡರ ಮನೆಗೆ ಹೋದರು. ಗೌಡರು ಒಳ್ಳೆಯವರೇ. ಮಜ್ಜಿಗೆ ಕೊಟ್ಟರು, ಕೂರಿಸಿದರು, ಕೇಳಿದರು.

“ಹೊಳೆ ಪಕ್ಕದ್ದು ಒಂದು ಸಾಲು ಬಿಡಿ ಗೌಡರೇ. ಕೊಕ್ಕರೆ ಮರಿ ಮಾಡಿದೆ. ಪೊಟರೇಲಿ ಹಾಲಕ್ಕಿ ಇದೆ.”

ಗೌಡರು ಮೀಸೆಯಲ್ಲೇ ನಕ್ಕರು. “ಮಗಳ್ ಮದ್ವೆ ಇಟ್ಕೊಂಡಿವ್ನಿ ಮೇಷ್ಟ್ರೇ. ಕೊಕ್ರೆಗೆ ಅಂತ ಮರ ಬುಟ್ರೆ, ಗಂಡಿನ ಕಡೆಯೋರು ಬಂದಾಗ ಕೊಕ್ರೆ ಬಂದು ಅಡ್ಗೆ ಮಾಡ್ತದಾ? ಆಲಕ್ಕಿ ಓಲಗ ಊದ್ತದಾ?”

ನಾನು ಮಣ್ಣು, ಮಳೆ, ದಂಡೆ ಕೊರೆತ ಎಂದು ವಿಜ್ಞಾನ ಶುರು ಮಾಡಿದೆ. ಗೌಡರು ಅದನ್ನೂ ಮರ್ಯಾದೆಯಿಂದ ಕೇಳಿ, ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ಮಾರನೇ ಬೆಳಿಗ್ಗೆ ಎಂದಿನಂತೆ ಹೊರಟೆವು. ಗೌಡರ ಅಂಗಳದಲ್ಲಿ ಸೌದೆ ಸಾಹುಕಾರ, ಗೌಡರು ನಿಂತು ಮಾತಾಡುತ್ತಿದ್ದರು. ಜಗಲಿಯಲ್ಲಿ ಗೌಡರ ತಾಯಿ ಕಾಲು ಚಾಚಿ ಕೂತು ಹುರುಳಿ ಕೇರುತ್ತಿದ್ದರು. ಅಜ್ಜಿ ಮೇಷ್ಟ್ರ ಮುಖ ನೋಡಿದರು. ರಾತ್ರಿ ನಿದ್ದೆಯಿಲ್ಲದೆ ಅದು ಬಾಡಿತ್ತು. ಚೊಂಬು ನೋಡಿದರು. ತೋಪಿನ ಕಡೆ ನೋಡಿದರು. ಮೊರವನ್ನು ಕೆಳಗಿಟ್ಟರು.

“ಲೇ, ನಿಂಗ್ ಬುದ್ಧಿ ಐತೇನ್ಲಾ? ಆ ತೋಪು ಬೋಳ್ಸಿಬುಟ್ರೆ ಈ ಮೇಷ್ಟ್ರು ಎಲ್ಗೋಗ್ಬೇಕ್ಲಾ?”

ಗೌಡರಿಗೆ ಅರ್ಥವಾಗಲಿಲ್ಲ. “ಎಲ್ಗ್ ಓಗೋದವ್ವಾ?”

“ಎಲ್ಗಂತೆ! ದಿನಾ ಇಲ್ಲೇ ಕೂತು ನೋಡ್ತಾ ಇದೀನಿ. ಚೊಂಬು ಇಡ್ಕಂಡು ಒಳಕ್ ಓದ್ರೆ, ಬಿಸ್ಲೇರಿದ್ರೂ ಈಚೆಗ್ ಬರಲ್ಲ. ಒಟ್ಟೆ ಕೆಟ್ಟೋಗೈತೆ ಪಾಪ, ಯಾವ್ ಕಾಲದ್ದೋ ಏನೋ. ಈ ಎಳೇ ಮೇಷ್ಟ್ರು ಜೊತೆಗ್ ಓಗೋದ್ ಯಾತಕ್ಕಂತೀಯಾ? ತಲೆ ತಿರ್ಗಿ ಬಿದ್ರೆ ಇಡ್ಕಳಾಕೆ!”

ಎಳೇ ಮೇಷ್ಟ್ರು ಅಂದರೆ ನಾನು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

“ಬಯ್ಲಿಗೇನ್ ಬರ ಬುಡವ್ವಾ” ಅಂದರು ಗೌಡರು. “ಅದೂ ಅಲ್ದೆ, ನೆನ್ನೆ ಮೇಷ್ಟ್ರೇ ಬಂದು ಕೊಕ್ರೆಗೆ ಮರ ಬುಡಿ ಅಂದ್ರು. ಒಟ್ಟೆ ವಿಷ್ಯ ಎತ್ಲೇ ಇಲ್ಲ.”

“ಅಯ್ಯೋ ಮಂಕೇ! ನಾಚ್ಕೆಗೆ ಕೊಕ್ರೆ ಅಂದವ್ರೆ ಕಣ್ಲಾ. ಅಷ್ಟೂ ತಿಳಿಯಲ್ವಾ? ಓದಿರೋ ಮನ್ಸ ಬಂದು ಬಾಯ್ಬುಟ್ಟು ಏಳ್ತಾರಾ, ನಂಗಿಂಗೆ ಅಂತ? ನಿನ್ ಮಗೀಗೆ ಲೆಕ್ಕ ಏಳ್ಕೊಟ್ಟು ಪಾಸ್ ಮಾಡ್ಸಿದೋರು. ಬಟ್ಟ ಬಯ್ಲಲ್ಲಿ ಕೂರುಸ್ತೀಯಾ ಅವ್ರನ್ನ, ಆಳು ಓಳು ನೋಡಂಗೆ?”

ಗೌಡರು, ಸಾಹುಕಾರ, ಕೊಡಲಿ ಹೊತ್ತ ಇಬ್ಬರು ಆಳುಗಳು, ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ. “ಅಂಗೇನ್ರಾ ಮೇಷ್ಟ್ರೇ?” ಎಂದು ಗೌಡರು ಮೆಲುದನಿಯಲ್ಲಿ ಕೇಳಿದರು.

ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಷ್ಟ್ರು ಬಾಯಿ ತೆರೆದರು. ಕೊಕ್ಕರೆ ಎಂದೇ ಹೇಳಲು ಹೊರಟಿದ್ದರು, ತುಟಿ ಆ ಆಕಾರಕ್ಕೇ ಬಂದಿತ್ತು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಮರಿಗಳ ಕರಕರ ಕೇಳಿತು. ಬಾಯಿ ಮುಚ್ಚಿದರು. ತಲೆ ತಗ್ಗಿಸಿದರು. ಖಾಲಿ ಕೈಯನ್ನು ಮೆಲ್ಲಗೆ ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡರು.

“ನೋಡ್ದಾ!” ಅಂದರು ಅಜ್ಜಿ. “ಕೊಡಿ ಮೇಷ್ಟ್ರೇ ಚೊಂಬು, ಬಿಸ್ನೀರ್ ಆಕ್ಕೊಡ್ತೀನಿ.”

ಚೊಂಬಿನೊಳಗೆ ಕಡಲೆಕಾಯಿ ಬೀಜ ಗಲ್ ಅಂದಿತು. ಮೇಷ್ಟ್ರು ಅದನ್ನು ಎದೆಗೆ ಒತ್ತಿಕೊಂಡು, “ಹೊಳೇಲಿ ನೀರಿದೆ ತಾಯಿ, ಅವಸರ...” ಎಂದವರೇ ತೋಪಿನೊಳಗೆ ಓಡಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಗೌಡರು ಸಾಹುಕಾರನ ಕಡೆ ತಿರುಗಿ, “ಒಳೆ ಕಡೇ ಸಾಲು ಮುಟ್ಬ್ಯಾಡಿ, ಮಿಕ್ಕಿದ್ದು ತಗೊಳ್ಳಿ” ಅಂದದ್ದು ನನ್ನ ಕಿವಿಗೆ ಬಿತ್ತು.

ಒಳಗೆ ಹೊಂಗೆ ಮರದ ಬುಡದಲ್ಲಿ ಮೇಷ್ಟ್ರು ಬಾಯಿಗೆ ಟವಲು ತುರುಕಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

“ಸಾರ್, ನಾವು ಓದಿದವರು. ನಾಳೆ ಊರೆಲ್ಲ ನಿಮ್ಮ ಹೊಟ್ಟೆ ಮಾತೇ ಆಗುತ್ತೆ. ಹೋಗಿ ನಿಜ ಹೇಳಿಬಿಡಿ.”

“ನಿಜ ನೆನ್ನೇನೇ ಹೇಳಿದೆನಲ್ಲ ಸಾರ್. ಮಜ್ಜಿಗೆ ಕೊಟ್ಟು ಕಳಿಸಿದ್ರು.” ಕಣ್ಣು ಒರೆಸಿಕೊಂಡರು. “ಮೆಲ್ಲಗೆ ಮಾತಾಡಿ. ಮಲಗಿದ್ದಾರೆ.”

ನಾನು ಹೇಳಿದಂತೆಯೇ ಆಯಿತು. ಸಂತೆಯಲ್ಲಿ ಹಣ್ಣಿನವಳು ಅವರಿಗೆ ಬಾಳೆಹಣ್ಣು ಕೊಡದೆ, “ನಿಮ್ಗ್ ಆಗಲ್ಲ ಸಾಮಿ” ಅಂದಳು. ಹುಡುಗರು ಪಾಠದ ನಡುವೆ ಅವರು ಒಂದು ಕ್ಷಣ ಕಿಟಕಿಯ ಕಡೆ ನೋಡಿದರೂ ದಾರಿ ಬಿಡಲು ಸಿದ್ಧರಾಗುತ್ತಿದ್ದರು. ಅಜ್ಜಿ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕಾದು ಕೂತು, ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸುತ್ತಿದ್ದರು. ಪರಮ ಒಗರು. ಆರೋಗ್ಯವಂತನಿಗೆ ಅದು ಏನು ಮಾಡುತ್ತದೆಂದು ಬಲ್ಲವರು ಬಲ್ಲರು. ಮೇಷ್ಟ್ರು ಮಧ್ಯಾಹ್ನ ನನ್ನ ಹತ್ತಿರ ಬಂದು ಪಪ್ಪಾಯಿ ಹಣ್ಣು ಇದೆಯಾ ಎಂದು ಕೇಳುತ್ತಿದ್ದರು.

ಸುದ್ದಿ ಕೆ.ಜಿ.ಎಫ್.ಗೂ ಹೋಯಿತು. ಒಂದು ದಿನ ಅವರ ಹೆಂಡತಿ ಬಸ್ಸಿಳಿದು, ಓಮದ ನೀರಿನ ಬಾಟಲಿ ಹಿಡಿದು ಬಿರುಗಾಳಿಯಂತೆ ಬಂದರು. ಗೋಡೆಯ ಆಚೆಯಿಂದ ನನಗೆ ಎಲ್ಲವೂ ಕೇಳಿತು.

“ಎನ್ನಂಗ ಇದು? ನನ್ನ ಅಡುಗೆ ತಿಂದು ಹೊಟ್ಟೆ ಕೆಟ್ಟೋಗಿದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಿದ್ದೀರಾ? ಬಸ್ಸಲ್ಲಿ ಒಬ್ಬಮ್ಮ ನನಗೇ ಬುದ್ಧಿ ಹೇಳ್ತಾಳೆ, ‘ಕಾರ ಕಮ್ಮಿ ಆಕಮ್ಮ’ ಅಂತ!”

ಆಮೇಲೆ ಮೇಷ್ಟ್ರ ಪಿಸುಮಾತು, ಬಹಳ ಹೊತ್ತು. ಆಮೇಲೆ ಆಕೆಯ ನಗು. ಹೆಂಚು ಹಾರಿಹೋಗುವಂಥ ನಗು. ಸಂಜೆ ಆಕೆಯೇ ಗೌಡರ ಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತು ಹೇಳಿ ಬಂದರಂತೆ: “ಇದು ಇವರಪ್ಪನಿಂದ ಬಂದ ಕಾಯಿಲೆ ಅಮ್ಮ. ಅವರೂ ಮರ ಕಂಡರೆ ಮನೇಲಿ ಕೂರ್ತಿರಲಿಲ್ಲ.”

ಮರಿಗಳು ಹಾರಿದವು. ಮಾರನೇ ವರ್ಷ ಮತ್ತೆ ಕೊಕ್ಕರೆ ಬಂದವು. ಗೌಡರ ಮಗಳ ಮದುವೆ ಚೆನ್ನಾಗಿ ಆಯಿತು, ನಾವಿಬ್ಬರೂ ಉಂಡೆವು. ಮೇಷ್ಟ್ರಿಗೆ ಬಡಿಸುವಾಗ ಅಜ್ಜಿ ಪಕ್ಕದಲ್ಲೇ ನಿಂತು ವಡೆ ಹಾಕಗೊಡಲಿಲ್ಲ. ಕಡಿದ ಜಾಗದಲ್ಲಿ ಹೊಸ ಸಸಿ ನೆಟ್ಟರು, ಅವೂ ಆಳೆತ್ತರ ಬೆಳೆದವು. ದಂಡೆಯ ಸಾಲಿಗೆ ಮಾತ್ರ ಕೊಡಲಿ ಬೀಳಲಿಲ್ಲ. ಊರಿನವರು ಅದಕ್ಕೆ ‘ಮೇಷ್ಟ್ರ ಮರೆ’ ಎಂದು ಹೆಸರಿಟ್ಟಿದ್ದಾರೆ. ದನ ಕಾಯುವವರೂ ಅದರ ಪಕ್ಕ ಹೋಗುವಾಗ ಒಮ್ಮೆ ಕೆಮ್ಮಿ ಹೋಗುತ್ತಾರೆ.

ಬೀಳ್ಕೊಡುಗೆಯ ಮಾರನೇ ದಿನ ಅವರನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಟ್ರಂಕು, ಹಾಸಿಗೆ ಮೇಲೆ ಹೋದವು. ಚೊಂಬನ್ನು ಮಾತ್ರ ಕೈಯಲ್ಲಿ ಹಿಡಿದಿದ್ದರು. ಬಸ್ಸು ಹೊರಡುವಾಗ ಕಿಟಕಿಯಿಂದ ನನ್ನ ಕೈಗೆ ತುರುಕಿ, “ಬೇಕಾಗುತ್ತೆ ಸಾರ್” ಅಂದರು. ಜನ ನೋಡುತ್ತಿದ್ದರು. ನಾನು ಅದನ್ನು ಟವಲಿನಲ್ಲಿ ಸುತ್ತಿ ಮನೆಗೆ ತಂದು, ಪದವಿಯ ದಿನ ಗೌನು ಹಾಕಿಕೊಂಡು ತೆಗೆಸಿದ ಫೋಟೋದ ಕೆಳಗಿನ ಗೂಡಿನಲ್ಲಿಟ್ಟೆ.

ಅವರಿಲ್ಲದ ಮೊದಲ ಬೆಳಿಗ್ಗೆ ಬರೀ ಕೈಯಲ್ಲಿ ಹೊರಟೆ. ಒಬ್ಬ ಮಗನ ಮಾರ್ಕು ಕೇಳಿದ. ಇನ್ನೊಬ್ಬ ನನಗೆ ವರ್ಗವಾಯಿತೇ ಎಂದ. ಮೂರನೆಯವನು ಹೆಣ್ಣು ನೋಡಲು ಹೊರಟೆನೆಂದು ತೀರ್ಮಾನಿಸಿ, ಯಾವ ಊರು, ಯಾರ ಮಗಳು ಎಂದು ಗೌಡರ ಮನೆಯ ತನಕ ಜೊತೆಗೇ ಬಂದ. ತೋಪು ಮುಟ್ಟುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಹಾಗೇ ವಾಪಸು ಬಂದೆ.

ಮಾರನೇ ದಿನ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಬೀಜ ಹುರಿದು ಹಾಕಿದೆ. ಬಾಗಿಲು ಎಳೆದುಕೊಳ್ಳುವಾಗ ಬೋರ್ಡಿನ ಮೇಲಿನ ಬಿ.ಎಸ್ಸಿ. ಕಣ್ಣಿಗೆ ಬಿತ್ತು. ನೋಡಿಕೊಳ್ಳಲಿ ಎಂದು ಬೀದಿಗೆ ಇಳಿದೆ. ಎಮ್ಮೆಯವನು ಮುಖ ತಿರುಗಿಸಿ ದಾರಿ ಬಿಟ್ಟ. ಯಾರೂ ಮಾತಾಡಿಸಲಿ‌ಲ್ಲ.

ಜಗಲಿಯಲ್ಲಿ ಅಜ್ಜಿ ಇದ್ದರು. ಕಣ್ಣು ಮಂಜಾಗಿದೆ, ಆದರೆ ಹಿತ್ತಾಳೆ ಹೊಳೆದದ್ದು ಕಂಡಿತು. ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು.

“ಅಯ್ಯೋ ಶಿವನೇ, ನಿಮ್ಗೂವಾ? ಓದಿದೋರ್ಗೆಲ್ಲ ಇಂಗೇ ಆಗೋದಾ ಏನು!”

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಜ್ಜಿ ಒಳಗೆ ಹೋಗಿ ಲೋಟದ ತುಂಬ ಕಷಾಯ ತಂದರು. ನಿಂತು ಕುಡಿದೆ, ತಳ ಕಾಣುವ ತನಕ. ಲೋಟ ತೊಳೆದು ಕೊಟ್ಟು ತೋಪಿನೊಳಗೆ ಹೋದೆ. ಮೇಲೆ ‘ಸೋ’ ಎನ್ನುತ್ತಿತ್ತು. ಹೊಂಗೆ ಮರದ ಹತ್ತಿರ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಚೊಂಬು ಸದ್ದಾಗದಂತೆ ಹಿಡಿದು, ಮೆಲ್ಲಗೆ ನಡೆದೆ. ನೈಟ್ ಶಿಫ್ಟಿನವರು ಮಲಗಿದ್ದರು.